ದೋಣಿ ಅಂಕಣದ ಕೊನೆಯ ನಾಲ್ಕು ಸಾಲು

ಕೆರೆ ತುಂಬಿದ ಎರಡನೆಯ ವರ್ಷ ಜತ್ತದ ಕೆಲವರಿಗೆ ದೋಣಿಯ ಆಸೆ ಹುಟ್ಟಿತು. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಸೊರಡಿಯ ಕಡೆ ಹೋಗುವ ಹಾದಿಯಲ್ಲಿದ್ದ ಆ ಕೆರೆ ಸಾಮಾನ್ಯವಾಗಿ ಸಂಕ್ರಾಂತಿ ಕಳೆಯುವಷ್ಟರಲ್ಲಿ ತಳ ತೋರಿಸುತ್ತಿತ್ತು. ಆ ಎರಡು ವರ್ಷ ಮಾತ್ರ ಯುಗಾದಿಯ ಆಚೆಗೂ ನೀರು ನಿಂತಿತು. ಒಬ್ಬ ವಕೀಲರು, ಒಬ್ಬ ಡಾಕ್ಟರು, ಇಬ್ಬರು ಅಡತಿ ವ್ಯಾಪಾರಿಗಳು ಸೇರಿ ವಿಹಾರ ಮಂಡಳಿ ಎಂದು ಮಾಡಿಕೊಂಡರು. ವಕೀಲರು ಅದರ ಅಧ್ಯಕ್ಷರಾದರು. ಕೃಷ್ಣೆಯ ದಂಡೆಯ ಊರೊಂದರಿಂದ ಚಪ್ಪಟೆ ತಳದ ಹಳೆಯ ದೋಣಿಯನ್ನು ಲಾರಿಯ ಮೇಲೆ ತರಿಸಿದರು. ದೋಣಿಯ ಜೊತೆಗೆ ಅದನ್ನು ನಡೆಸಲು ಒಬ್ಬ ಅಂಬಿಗರೂ ಬಂದರು. ಐವತ್ತು ದಾಟಿದ ಮನುಷ್ಯ, ಓದು ಬರಹ ಇರಲಿಲ್ಲ. ಊರವರೆಲ್ಲ ಅವರನ್ನು ಕಾಕಾ ಎಂದೇ ಕರೆದರು.

ನಾನು ಆಗ ವಿಜಾಪುರದಿಂದ ಹೊರಡುತ್ತಿದ್ದ ಒಂದು ಕನ್ನಡ ವಾರಪತ್ರಿಕೆಗೆ ಜತ್ತದ ವರದಿಗಾರನಾಗಿದ್ದೆ. ಪೇಟೆ ಧಾರಣೆ, ಮಳೆ, ಕಚೇರಿಯ ಸುದ್ದಿ, ಬಸ್ಸು ಮಗುಚಿದ ಸುದ್ದಿ ನನ್ನ ಪಾಲಿಗೆ ಬರುತ್ತಿದ್ದವು. ಬರೆಯುವಾಗ ಕಾರ್ಬನ್ ಇಟ್ಟು ಒಂದು ಪ್ರತಿ ಉಳಿಸಿಕೊಳ್ಳುತ್ತಿದ್ದೆ. ಬುಧವಾರ ಮಧ್ಯಾಹ್ನದ ಬಸ್ಸಿನ ಕಂಡಕ್ಟರ ಕೈಯಲ್ಲಿ ಲಕೋಟೆ ಕೊಟ್ಟರೆ ಶನಿವಾರ ಅಚ್ಚಾದ ಸಂಚಿಕೆ ಅದೇ ಬಸ್ಸಿಗೆ ಬರುತ್ತಿತ್ತು.

ದೋಣಿಯ ಸುದ್ದಿ ಕಳಿಸಿದ ಮೇಲೆ ಸಂಪಾದಕರಿಂದ ಚೀಟಿ ಬಂತು. ನಮ್ಮ ಓದುಗರಲ್ಲಿ ಹೆಚ್ಚಿನವರು ದೋಣಿ ಹತ್ತಿದವರಲ್ಲ. ದೋಣಿಯ ಭಾಗಗಳ ಹೆಸರು, ಅಂಬಿಗರ ಮಾತುಗಳ ಅರ್ಥ, ಇವನ್ನು ಮೂವತ್ತು ಸಾಲಿನಲ್ಲಿ ತಿಳಿಯುವ ಹಾಗೆ ಬರೆದು ಕಳಿಸಿ ಎಂದಿದ್ದರು.

ನನಗೂ ದೋಣಿಯ ಗಂಧ ಇರಲಿಲ್ಲ. ಸೈಕಲ್ ಹತ್ತಿ ಕೆರೆಗೆ ಹೋದೆ. ಕಾಕಾ ದೋಣಿಯನ್ನು ದಂಡೆಗೆ ಎಳೆದು, ಹಲಗೆಗಳ ಸಂದಿಗೆ ಡಾಂಬರು ಹಚ್ಚುತ್ತಿದ್ದರು. ಬಂದ ಕಾರಣ ಹೇಳಿದೆ. ಅವರು ನಕ್ಕರು.

"ನಮ್ಮ ಕಡೆ ಇದನ್ನ ಯಾರೂ ಬರಕೊಳ್ಳೂದಿಲ್ರಿ ಸಾಹೇಬ್ರ. ನೀರಾಗ ಬಿದ್ದ್ರ ತಾನ ತಿಳೀತದ."

ಮೂರು ದಿನ ಬೆಳಿಗ್ಗೆ ಹೋಗಿ ಕೂತೆ. ಅವರು ಮುಟ್ಟಿ ತೋರಿಸಿದ್ದನ್ನು ಬರೆದುಕೊಂಡೆ. ಆದರೆ ಹೆಸರು ಬರೆದರೆ ಸಾಲದು, ಪಕ್ಕದ ಹಳ್ಳಿ ಮುಚ್ಚಂಡಿಯ ರೈತನಿಗೆ ಅದು ಕಣ್ಣಿಗೆ ಕಟ್ಟಬೇಕು. ಹೀಗಾಗಿ ಪ್ರತಿಯೊಂದಕ್ಕೂ ಒಕ್ಕಲುತನದ ಹೋಲಿಕೆ ಹುಡುಕಿದೆ. ಹುಟ್ಟು ಹಾಕುವವನು ದೋಣಿ ಹೋಗುವ ಕಡೆಗೆ ಬೆನ್ನು ಮಾಡಿ ಕೂರುತ್ತಾನೆ. ಅವನ ಬಲಗೈ ದೋಣಿಯ ಎಡಕ್ಕೆ ಬರುತ್ತದೆ. ಹಾಗಾದರೆ ದೋಣಿಯ ಬಲ ಯಾವುದು? ನೊಗಕ್ಕೆ ಹೂಡಿದ ಬಲದ ಎತ್ತನ್ನು ನೆನೆಯಿರಿ ಎಂದು ಬರೆದೆ. ನೀವು ಅದರ ಮುಂದೆ ಬಂದು ನಿಂತರೂ ಅದು ಬಲದ ಎತ್ತೇ. ದೋಣಿಯ ಬಲವೂ ಹಾಗೆ, ಕೂತವರು ತಿರುಗಿದರೆ ತಿರುಗುವುದಿಲ್ಲ. ಗಾಳಿ ಬರುವ ಬದಿ, ಗಾಳಿ ಹೋಗುವ ಬದಿ ಎಂಬುದಕ್ಕೆ ಕಣದಲ್ಲಿ ರಾಶಿ ತೂರುವುದನ್ನು ತಂದೆ: ಹೊಟ್ಟು ಹಾರಿ ಬೀಳುವುದು ಗಾಳಿ ಹೋಗುವ ಬದಿ. ಲಂಗರು ಎಂದರೆ ನೀರಿನ ತಳದಲ್ಲಿ ಹೂಳುವ ದನದ ಗೂಟ. ನೀರಿನ ಮಟ್ಟದಿಂದ ದೋಣಿಯ ಅಂಚಿನವರೆಗೆ ಒಣಗಿ ಉಳಿಯುವ ಎತ್ತರವನ್ನು ಕಾಕಾ ಗೇಣಿನಿಂದ ಅಳೆದು ತೋರಿಸಿದರು. ಒಂದು ಗೇಣಿನ ಮೇಲೆ ನಾಲ್ಕು ಬೆರಳು ಉಳಿಯದಿದ್ದರೆ ಒಬ್ಬರನ್ನು ಇಳಿಸಬೇಕು. ಎತ್ತಿನ ಚಕ್ಕಡಿಯಲ್ಲಿ ಹೇರು ಹೆಚ್ಚಾದರೆ ಅಚ್ಚು ಹೇಳುತ್ತದೆ, ದೋಣಿಯಲ್ಲಿ ಗೇಣು ಹೇಳುತ್ತದೆ ಎಂದು ಬರೆದೆ. ಮೂತಿ, ಚುಕ್ಕಾಣಿ, ಗಳ, ಅಡ್ಡಹಲಗೆ, ನೀರು ಎತ್ತಿ ಚೆಲ್ಲುವ ಡಬ್ಬಿ ಎಲ್ಲ ಹೀಗೇ ಆದವು. ವಾಲುವುದು ಎಂಬಲ್ಲಿ ನಾನು ಬರೆದದ್ದು ಇಷ್ಟು: "ದೋಣಿ ಒಂದು ಬದಿಗೆ ಬಾಗುವುದು. ಚಕ್ಕಡಿಯಲ್ಲಿ ಇದ್ದಂತೆಯೇ ಭಾರ ಎರಡೂ ಬದಿಗೆ ಸಮನಾಗಿರಬೇಕು."

ಮೂರನೆಯ ದಿನ ಪುಸ್ತಕ ಮುಚ್ಚಿ ಎದ್ದಾಗ ಕಾಕಾ ತಡೆದರು.

"ಇದೊಂದು ಬರಕೊಳ್ರಿ. ಉಳಿದದ್ದೆಲ್ಲಾ ಬಿಟ್ರೂ ನಡೀತದ. ಡೋಣಿ ವಾಲ್ತಂದ್ರ ಏಳಬಾರದು. ನಿಮ್ಮ ಮಂದಿ ಚಕ್ಕಡ್ಯಾಗ ಬೆಳದವ್ರು, ವಾಲಿದ ಕೂಡ್ಲೇ ಎದ್ದು ಮ್ಯಾಲಿನ ಬಾಜೂಕ ಹಾರ್ತಾರ. ಡೋಣ್ಯಾಗ ಹಂಗ ಹಾರಿದ್ರ ಅದು ಆ ಕಡೀಗೇ ಮಗುಚ್ತದ. ಕುಂತಲ್ಲೇ ತಳಕ್ಕ ಜಾರಿ ಅಡ್ಡಹಲಗಿ ಹಿಡೀಬೇಕು."

ಬರೆದುಕೊಂಡೆ. ಅದು ಪಾಠದ ಕೊನೆಯ ಎಚ್ಚರಿಕೆಯಂತೆ ಚೆನ್ನಾಗಿ ಕೂರುತ್ತದೆ ಎನ್ನಿಸಿ ಅಂಕಣದ ಕೊನೆಯಲ್ಲಿಟ್ಟೆ. ಬುಧವಾರ ಲಕೋಟೆ ಬಸ್ಸಿಗೆ ಹೋಯಿತು.

ಗುರುವಾರ ಪೋಸ್ಟಾಫೀಸಿನಿಂದ ಕರೆ ಬಂತು, ವಿಜಾಪುರದ ಟ್ರಂಕ್ ಕಾಲ್ ಇದೆ ಎಂದು. ಸಂಪಾದಕರು ಪುಟ ಕಟ್ಟುತ್ತ ನಿಂತಲ್ಲಿಂದಲೇ ಮಾತಾಡುತ್ತಿದ್ದರು. ಅಂಕಣ ನಾಲ್ಕು ಸಾಲು ಹೆಚ್ಚಾಗಿದೆ, ಯಾವುದನ್ನು ತೆಗೆಯಲಿ ಎಂದು ಕೇಳಿದರು. ತಂತಿಯಲ್ಲಿ ಗರಗರ ಸದ್ದು. ಹಿಂದೆ ಇನ್ನಿಬ್ಬರು ತಮ್ಮ ಕರೆಗಾಗಿ ಕಾಯುತ್ತಿದ್ದರು.

"ಕೆಳಗಿಂದ ತೆಗೀರಿ," ಅಂದೆ.

ಇದು ನಮ್ಮ ಕಸುಬಿನ ರೂಢಿ. ಸುದ್ದಿ ಬರೆಯುವವನು ಮುಖ್ಯವಾದದ್ದನ್ನು ಮೊದಲಿಗೆ ಹೇಳಿರುತ್ತಾನೆ. ಜಾಗ ಸಾಲದೆ ಹೋದರೆ ಕೆಳಗಿನಿಂದ ಕತ್ತರಿಸುತ್ತಾರೆ. ಹನ್ನೆರಡು ವರ್ಷ ಆ ಮಾತನ್ನು ಹೇಳಿ ಹೇಳಿ ನಾಲಿಗೆಗೆ ಅಭ್ಯಾಸವಾಗಿತ್ತು. ಈ ಬರಹ ಸುದ್ದಿಯಲ್ಲ, ಇದರ ಕೆಳಗೆ ಏನನ್ನು ಇಟ್ಟಿದ್ದೇನೆ ಎಂದು ನಾನು ಯೋಚಿಸಲಿಲ್ಲ. ಶನಿವಾರ ಸಂಚಿಕೆ ಬಂದಾಗ ಅಕ್ಷರ ತಪ್ಪುಗಳು ಇವೆಯೇ ಎಂದಷ್ಟೇ ಮೇಲ್ಮೇಲೆ ನೋಡಿ ಮಡಿಸಿಟ್ಟೆ.

ಅಂಕಣ ಊರಿಗೆ ಹಿಡಿಸಿತು. ಮಂಡಳಿಯವರು ಅದನ್ನು ಕತ್ತರಿಸಿ ಒಂದು ಹಲಗೆಗೆ ಅಂಟಿಸಿ, ಮೇಲೆ ಗಾಜು ಹಾಕಿಸಿ, ಕೆರೆಯ ದಂಡೆಯಲ್ಲಿ ದೋಣಿ ಹತ್ತುವಲ್ಲಿ ನಿಲ್ಲಿಸಿದರು.

ಅಲ್ಲಿಯವರೆಗೆ ಕಾಕಾ ತಮ್ಮದೇ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಎಲ್ಲರೂ ಕೂತ ಮೇಲೆ, ಹಗ್ಗ ಬಿಚ್ಚುವ ಮೊದಲು, ಏಳಬಾರದೆಂಬ ಮಾತನ್ನು ತಾವು ಹೇಳಿ ಅವರ ಬಾಯಿಂದಲೂ ಹೇಳಿಸುತ್ತಿದ್ದರು. ಹೇಳದಿದ್ದರೆ ಹಗ್ಗ ಬಿಚ್ಚುತ್ತಿರಲಿಲ್ಲ. ವ್ಯಾಪಾರಿಗಳ ಮನೆಯ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತ ಹೇಳುತ್ತಿದ್ದರು. ಕೆಲವು ಗಂಡಸರಿಗೆ ಮಾತ್ರ ಅದು ಅವಮಾನವೆನಿಸಿತು. ಹಲಗೆ ನಿಲ್ಲಿಸಿದ ದಿನ ವಕೀಲರು ಕಾಕಾ ಅವರನ್ನು ಕರೆದು, ಊರ ದೊಡ್ಡ ಮಂದಿಗೆ ಸಾಲಿ ಹುಡುಗರ ಹಾಗೆ ಮಗ್ಗಿ ಹೇಳಿಸುವುದು ಇನ್ನು ಸಾಕು, ಎಲ್ಲವೂ ಇಲ್ಲಿ ಬರೆದಿದೆ, ಓದಿಕೊಂಡು ಹತ್ತುತ್ತಾರೆ ಎಂದರು. ನಾನು ಪಕ್ಕದಲ್ಲೇ ಇದ್ದೆ. ಕಾಕಾ ನನ್ನ ಕಡೆ ನೋಡಿದರು.

"ನಾ ಹೇಳಿದ್ದೂ ಬಂದದೇನ್ರಿ ಇದರಾಗ?"

"ಬಂದದ ಕಾಕಾ," ಅಂದೆ.

ಬಂದಿದೆ ಎಂದೇ ನಾನು ತಿಳಿದಿದ್ದೆ. ಅಂದಿನಿಂದ ಅವರು ಹೇಳಿಸುವುದನ್ನು ಬಿಟ್ಟರು.

ಮುಚ್ಚಂಡಿಯ ಕನ್ನಡ ಸಾಲಿಯಲ್ಲಿ ಪಾಠ ಹೇಳುವ ಒಬ್ಬ ಅಕ್ಕೋರು ಇದ್ದರು. ಮೂವತ್ತರ ಆಚೀಚೆಯ ವಯಸ್ಸು. ಜತ್ತದಲ್ಲಿ ಅಣ್ಣನ ಮನೆಯಲ್ಲಿದ್ದು ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದರು. ಒಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ನಿಲ್ಲಿಸಿ, ಅಂಕಣವನ್ನು ಇಡಿಯಾಗಿ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದಾಗಿ ಹೇಳಿದರು.

"ಎತ್ತಿನ ಉದಾಹರಣಿ ಚಲೋ ಹಿಡಿಸ್ತ್ರಿ. ನಮ್ಮ ಹುಡುಗ್ರು ಡೋಣಿ ಕಂಡಿಲ್ಲ. ಆದ್ರ ಈಗ ಅದರ ಎಡಾ ಬಲಾ ನಿದ್ದ್ಯಾಗ ಕೇಳಿದ್ರೂ ಹೇಳ್ತಾವ. ನಾನೂ ಒಮ್ಮೆ ಹತ್ತಿ ಬಂದು ಹೇಳ್ತೀನಿ ಅಂದೀನಿ. ಇಲ್ಲಂದ್ರ ನೀವ ಎಲ್ಲಿ ನೋಡೀರಿ ಅಂತ ಕೇಳ್ತಾವ."

ಮುಂದಿನ ಭಾನುವಾರ ಅವರು, ಅವರ ಸಾಲಿಯ ನಾಲ್ವರು ಮಾಸ್ತರರು, ಅವರಲ್ಲಿ ಒಬ್ಬರ ಹೆಂಡತಿ, ಒಟ್ಟು ಆರು ಜನ ಕೆರೆಗೆ ಹೋದರು.

ನಾನು ಅಲ್ಲಿರಲಿಲ್ಲ. ಸುದ್ದಿ ತಿಳಿದು ಸೈಕಲ್ ಮೇಲೆ ಹೋಗುವಷ್ಟರಲ್ಲಿ ದಂಡೆಯಲ್ಲಿ ನೂರಾರು ಜನ ಸೇರಿದ್ದರು. ನಡೆದದ್ದನ್ನು ಬದುಕಿ ಬಂದವರಿಂದ ಅಂದೇ ಬೇರೆಬೇರೆಯಾಗಿ ಕೇಳಿ ಬರೆದುಕೊಂಡೆ. ಎಲ್ಲರ ಮಾತೂ ಒಂದಕ್ಕೊಂದು ಹೊಂದಿದವು. ದೋಣಿ ಕೆರೆಯ ನಡುವಿಗೆ ಹೋಗಿತ್ತು. ಮೂರು ಗಂಟೆಯ ಹೊತ್ತಿಗೆ ಪಶ್ಚಿಮದ ಗುಡ್ಡದಿಂದ ಗಾಳಿ ಎದ್ದಿತು. ಇಬ್ಬರು ಮಾಸ್ತರರು ಒಂದೇ ಬದಿಗೆ ಬಾಗಿ ನೀರಿನಲ್ಲಿ ಕೈ ಆಡಿಸುತ್ತಿದ್ದರು. ದೋಣಿ ಆ ಬದಿಗೆ ವಾಲಿ, ಅಂಚಿನ ಮೇಲಿಂದ ಒಂದೆರಡು ಕೊಡದಷ್ಟು ನೀರು ಒಳಗೆ ಬಂತು. ಅದು ತಾನಾಗಿ ಎದ್ದು ನಿಲ್ಲುತ್ತಿತ್ತು ಎಂದು ಕಾಕಾ ಹೇಳಿದರು. ಅಷ್ಟರಲ್ಲಿ ಆರೂ ಜನ ಎದ್ದು ಮೇಲಿನ ಬದಿಗೆ ಹಾರಿದರು. ಕಾಕಾ ಕುಂದ್ರಿ, ಕುಂದ್ರಿ ಎಂದು ಕೂಗಿದ್ದು ಎಲ್ಲರಿಗೂ ಕೇಳಿಸಿತ್ತು. ದೋಣಿ ಆ ಬದಿಗೆ ಮಗುಚಿತು.

ಚಿತ್ರಕಲೆಯ ಮಾಸ್ತರರು ಕಂಬಳಿ ಹೊದ್ದು ನಡುಗುತ್ತ ಕೂತಿದ್ದರು. ಯಾಕೆ ಎದ್ದಿರಿ ಎಂದು ಕೇಳಿದೆ.

"ಚಕ್ಕಡಿ ವಾಲಿದ್ರ ಏನ್ ಮಾಡ್ತೀವಿ, ಭಾಯಿ? ಮ್ಯಾಲಿನ ಬಾಜೂಕ ಹಾರ್ತೀವಿ. ಅದನ್ನ ಮಾಡಿದ್ವಿ. ಅಕ್ಕೋರು ಎಲ್ಲಾರಕಿಂತ ಮೊದಲ ಎದ್ರು. ಭಾರ ಈ ಕಡಿ ಹಾಕ್ರಿ ಅಂತ ಅವ್ರ ಹೇಳಿದ್ರು."

ಇಬ್ಬರು ಬಾವಿಯಲ್ಲಿ ಈಜು ಕಲಿತವರು ದಂಡೆ ಸೇರಿದರು. ಮೂವರನ್ನು ಕಾಕಾ ಒಬ್ಬೊಬ್ಬರಾಗಿ ಮಗುಚಿದ ದೋಣಿಯ ಬೆನ್ನಿಗೆ ತಂದು ಆನಿಸಿದರು. ಅಕ್ಕೋರು ದೋಣಿಯ ಕೆಳಗೆ ಸಿಕ್ಕಿದ್ದರು. ಸೀರೆಯ ಸೆರಗು ಅಡ್ಡಹಲಗೆಗೆ ಸುತ್ತಿಕೊಂಡಿತ್ತು. ಕಾಕಾ ನಾಲ್ಕು ಸಲ ಮುಳುಗಿ ಐದನೆಯ ಸಲಕ್ಕೆ ಹೊರಗೆ ತಂದರು. ಆಗ ಜೀವ ಇರಲಿಲ್ಲ. ನಾನು ಹೋದಾಗ ಅವರ ಅಣ್ಣ ತಲೆಯ ಹತ್ತಿರ ಕೂತು, ತಂಗಿಯ ಕೈಗಡಿಯಾರದ ಮೇಲಿನ ನೀರನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ. ನಿಂತ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದ, ಕಿವಿಗೆ ಹಿಡಿಯುತ್ತಿದ್ದ, ಮತ್ತೆ ಒರೆಸುತ್ತಿದ್ದ.

ವರದಿ ಬರೆದು ಲಕೋಟೆಗೆ ಹಾಕಿದೆ. ಕಂಡದ್ದು, ಕೇಳಿದ್ದು, ಅಷ್ಟೇ. ಮಂಗಳವಾರ ಅದರ ಕಾರ್ಬನ್ ಪ್ರತಿಯನ್ನು ಫೈಲಿಗೆ ಸೇರಿಸುವಾಗ ಹಿಂದಿನ ಹಾಳೆಗಳಲ್ಲಿ ಒಂದು ಕಣ್ಣಿಗೆ ಬಿತ್ತು. ಅದು ದೋಣಿ ಅಂಕಣದ ಪ್ರತಿ. ಕೆಳಗಿನ ನಾಲ್ಕು ಸಾಲು ನೀಲಿಯಲ್ಲಿ ಸ್ಪಷ್ಟವಾಗಿದ್ದವು: "ಒಂದು ವಿಷಯದಲ್ಲಿ ಮಾತ್ರ ದೋಣಿ ಚಕ್ಕಡಿಯಂತಲ್ಲ. ದೋಣಿ ವಾಲಿದಾಗ ಏಳಬಾರದು, ಎದುರು ಬದಿಗೆ ಹಾರಬಾರದು. ಕೂತಲ್ಲೇ ತಳಕ್ಕೆ ಜಾರಿ ಅಡ್ಡಹಲಗೆ ಹಿಡಿಯಬೇಕು." ಅಚ್ಚಾದ ಸಂಚಿಕೆಯನ್ನು ತೆಗೆದು ಪಕ್ಕದಲ್ಲಿಟ್ಟೆ. ಅದು ನೀರು ಚೆಲ್ಲುವ ಡಬ್ಬಿಗೇ ಮುಗಿದಿತ್ತು.

ಮೂವತ್ತು ಸಾಲು ತುಂಬ ದೋಣಿ ಚಕ್ಕಡಿಯ ಹಾಗೆ ಎಂದು ಕಲಿಸಿ, ಹಾಗಲ್ಲ ಎಂಬ ಒಂದೇ ಮಾತನ್ನು ನಾನೇ ತೆಗೆಸಿದ್ದೆ.

ಮರುದಿನ ಲಕೋಟೆ ಕೊಡದೆ ನಾನೇ ವಿಜಾಪುರದ ಬಸ್ಸು ಹತ್ತಿದೆ. ಸಂಪಾದಕರು ಎರಡೂ ಹಾಳೆಗಳನ್ನು ಓದಿದರು. ಕೆಟ್ಟ ಮನುಷ್ಯರಲ್ಲ. ವಿಚಾರಣೆ ಮುಗಿಯಲಿ, ಆಮೇಲೆ ತಿದ್ದುಪಡಿ ಎಂದು ಹಾಕೋಣ ಎಂದರು. ವರದಿಗಾರ ಸುದ್ದಿಯ ಹೊರಗೆ ನಿಲ್ಲಬೇಕು ಎಂದು ನನಗೆ ಕಲಿಸಿದವರು ಅವರೇ, ಅದನ್ನು ನೆನಪಿಸಿದರು. ನಾನು ಒಪ್ಪಿದೆ. ಒಪ್ಪಿಕೊಳ್ಳುವುದು ಸುಲಭವಾಗಿತ್ತು ಎಂಬುದನ್ನೂ ಇಲ್ಲಿ ಬರೆಯಬೇಕು. ಒಂದು ವಾರ ಕಾಕಾ ಅವರ ಎದುರಿಗೆ ಬೀಳದ ಹಾಗೆ ಬೇರೆ ಹಾದಿಯಲ್ಲಿ ಓಡಾಡಿದೆ.

ವಿಚಾರಣೆ ಜತ್ತದ ಕಚೇರಿಯಲ್ಲಿ ತಾಲೂಕಿನ ಅಧಿಕಾರಿ ಮಾಮಲೇದಾರರ ಮುಂದೆ ನಡೆಯಿತು. ಜತ್ತ ಮಹಾರಾಷ್ಟ್ರಕ್ಕೆ ಸೇರಿದ್ದರಿಂದ ಬರೆದುಕೊಂಡದ್ದು ಮರಾಠಿಯಲ್ಲಿ, ಆದರೆ ಕಾಕಾ ಅವರಿಗೆ ಮಾಮಲೇದಾರರು ಕನ್ನಡದಲ್ಲೇ ಪ್ರಶ್ನೆ ಹಾಕಿದರು. ಅಂಬಿಗನ ನಿಷ್ಕಾಳಜಿಯಿಂದ ಸಾವು ಎಂದು ತೀರ್ಮಾನವಾದರೆ ಅವರ ಮೇಲೆ ಖಟ್ಲೆ ಆಗುತ್ತದೆ, ಜೈಲೂ ಆಗಬಹುದು ಎಂದು ಎಲ್ಲರಿಗೂ ಗೊತ್ತಿತ್ತು. ನಾನು ಗೋಡೆಯ ಹತ್ತಿರದ ಬೆಂಚಿನಲ್ಲಿ ಪುಸ್ತಕ ಬಿಚ್ಚಿ ಕೂತಿದ್ದೆ.

ಏಳಬಾರದೆಂದು ಮೊದಲೇ ಯಾಕೆ ಹೇಳಲಿಲ್ಲ ಎಂದು ಮಾಮಲೇದಾರರು ಕೇಳಿದರು.

"ಮೊದಲೆಲ್ಲಾ ಹೇಳ್ತಿದ್ನಿರಿ. ಆಮ್ಯಾಲ ಅದು ಪೇಪರಿನ್ಯಾಗ ಬಂತು. ಹಲಗೀ ಮ್ಯಾಲೂ ಹಚ್ಚಿದ್ರು. ಎಲ್ಲಾರೂ ಓದೇ ಹತ್ತತಾರ ಅಂತ ಸುಮ್ಮಾದ್ನಿ."

ಮಾಮಲೇದಾರರು ಕೆರೆಯಿಂದ ಹಲಗೆಯನ್ನು ತರಿಸಿಟ್ಟಿದ್ದರು. ಕಾರಕೂನರು ಅಂಕಣವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ಎತ್ತು, ಕಣ, ಗೂಟ, ಗೇಣು. ನನ್ನ ವಾಕ್ಯಗಳನ್ನು ಬೇರೆಯವರ ಬಾಯಲ್ಲಿ ಅಷ್ಟು ನಿಧಾನವಾಗಿ ನಾನು ಎಂದೂ ಕೇಳಿರಲಿಲ್ಲ. ಕಾಕಾ ಕತ್ತು ಚಾಚಿ, ತಮ್ಮ ಮಾತು ಈಗ ಬಂದೀತು, ಈಗ ಬಂದೀತು ಎಂದು ಕೇಳುತ್ತಿದ್ದರು. ಡಬ್ಬಿಯ ಸಾಲು ಮುಗಿದು ಕಾರಕೂನರು ಸುಮ್ಮನಾದರು.

"ಇದರಾಗ ಅದು ಇಲ್ಲಲ್ಲ," ಎಂದರು ಮಾಮಲೇದಾರರು.

"ಅದ ರೀ. ಇನ್ನೊಮ್ಮೆ ನೋಡ್ರಿ. ಕಡೀಕ ಇರಬೇಕು."

ಯಾರೋ ಹಿಂದಿನಿಂದ ಸಣ್ಣಗೆ ನಕ್ಕರು. ಓದಲು ಬಾರದವನು ಅಚ್ಚಾದ ಕಾಗದದ ಮೇಲೆ ಸುಳ್ಳು ಹೇಳುತ್ತಿದ್ದಾನೆ ಎಂಬ ನಗೆ ಅದು. ಕಾಕಾ ಹಲಗೆಯ ಹತ್ತಿರ ಹೋಗಿ, ಗಾಜಿನ ಮೇಲೆ ಕೆಳಗಿನ ಅಂಚಿನ ಉದ್ದಕ್ಕೂ ಬೆರಳು ಆಡಿಸಿದರು. ಅನಂತರ ನನ್ನ ಕಡೆ ತಿರುಗಿದರು.

ನಾನು ಪುಸ್ತಕವನ್ನು ಬೆಂಚಿನ ಮೇಲಿಟ್ಟು ಎದ್ದೆ. ವರದಿಗಾರನಾಗಿ ಅಲ್ಲ, ಸಾಕ್ಷಿಯಾಗಿ ಹೇಳುವುದಿದೆ ಎಂದೆ. ಕಾರ್ಬನ್ ಪ್ರತಿ ಒಂದು ವಾರದಿಂದ ನನ್ನ ಕಿಸೆಯಲ್ಲೇ ಇತ್ತು. ಅದನ್ನೂ, ಕಾಕಾ ಹೇಳಿದ ಮಾತು ಅವರ ನುಡಿಯಲ್ಲೇ ಇದ್ದ ಹಳೆಯ ಟಿಪ್ಪಣಿ ಪುಸ್ತಕವನ್ನೂ ಮೇಜಿನ ಮೇಲಿಟ್ಟೆ. ಟ್ರಂಕ್ ಕಾಲಿನಲ್ಲಿ ನಾನು ಏನು ಹೇಳಿದೆ ಎಂಬುದನ್ನು ಹೇಳಿದೆ. ದಂಡೆಯ ಮೇಲೆ ಕಾಕಾ ನನ್ನನ್ನು ಕೇಳಿದ್ದನ್ನೂ, ನೋಡದೆ ಬಂದದ ಎಂದು ಉತ್ತರ ಕೊಟ್ಟದ್ದನ್ನೂ ಹೇಳಿದೆ. ಹೇಳಿಸುವುದನ್ನು ನಿಲ್ಲಿಸಿದ್ದು ಯಾರ ಮಾತಿನಿಂದ ಎಂದು ಮಾಮಲೇದಾರರು ಕೇಳಿದಾಗ ವಕೀಲರ ಕಡೆ ನೋಡಿದೆ. ವಕೀಲರು ಕನ್ನಡಕ ತೆಗೆದು, ಹಾಗೆ ಅಂದಿರಬಹುದು ಎಂದರು. ಕಾರಕೂನರು ಅದನ್ನೂ ಬರೆದುಕೊಂಡರು.

ಅಕ್ಕೋರ ಅಣ್ಣ ಮೊದಲ ಸಾಲಿನಲ್ಲಿ ಕೂತಿದ್ದ. ನಾನು ಹೇಳಿಕೆ ಮುಗಿಸಿ ಬಂದಾಗ ಒಂದೇ ಮಾತು ಕೇಳಿದ.

"ಆಕಿ ನಿಮ್ಮ ಕಾಗದಾನ ಸಾಲ್ಯಾಗ ಪೂರಾ ಬರಸಿದ್ಳ್ರಿ. ಆ ನಾಕು ಸಾಲು ಇದ್ದಿದ್ರ ಅವನ್ನೂ ಬರಸ್ತಿದ್ಳಲ್ಲ?"

ಬರೆಸುತ್ತಿದ್ದರು ಎಂದೆ. ಅವನು ತಲೆಯಾಡಿಸಿ ಹೊರಗೆ ಹೋದ.

ಕಾಕಾ ಅವರ ಮೇಲೆ ಖಟ್ಲೆ ಆಗಲಿಲ್ಲ. ಮಂಡಳಿ ತಾನಾಗಿ ನಿಂತುಹೋಯಿತು. ದೋಣಿಯನ್ನು ದಂಡೆಯಲ್ಲಿ ಬೋರಲು ಹಾಕಿದರು. ಮುಂದಿನ ಬೇಸಿಗೆಗೆ ಕೆರೆಯೂ ಒಣಗಿತು, ಹಲಗೆಗಳೂ ಬಿರಿದವು. ವಿಚಾರಣೆ ನಡೆದ ವಾರವೇ ಶನಿವಾರದ ಸಂಚಿಕೆಯಲ್ಲಿ ತಿದ್ದುಪಡಿ ಬಂತು. ಸಂಪಾದಕರು ಅದನ್ನು ಒಳಪುಟಕ್ಕೆ ಹಾಕದೆ ಮೊದಲ ಪುಟದ ಮೇಲ್ಗಡೆಗೆ ಹಾಕಿದ್ದರು.

ಮರುದಿನ ಭಾನುವಾರ ಬೆಳಿಗ್ಗೆ ಕಾಕಾ ತಮ್ಮ ಊರಿಗೆ ಹೊರಟರು. ಸಂಚಿಕೆಯನ್ನು ಹಿಡಿದು ಬಸ್ ಸ್ಟ್ಯಾಂಡಿಗೆ ಹೋದೆ. ಒಂದು ಗಂಟು, ತಾವೇ ಕೆತ್ತಿದ ಎರಡು ಹುಟ್ಟು, ಅಷ್ಟೇ ಸಾಮಾನು. ಕಾಗದ ಬಿಚ್ಚಿ ತೋರಿಸಿದೆ.

"ಓದ್ರಿ," ಅಂದರು.

ಓದಿದೆ.

"ಇನ್ನೊಮ್ಮೆ."

ಇನ್ನೊಮ್ಮೆ ಓದಿದೆ. ಅವರು ನೆಲ ನೋಡುತ್ತ ಕೇಳಿಸಿಕೊಂಡರು.

"ಇಷ್ಟೇ. ಇಷ್ಟು ಹೇಳಾಕ ನನಗ ಎಷ್ಟು ಹೊತ್ತು ಹಿಡೀತಿತ್ರಿ, ಸಾಹೇಬ್ರ? ಅಕ್ಕೋರು ಕುಂತ ಮ್ಯಾಲ ನನ್ನ ಮಾರಿ ನೋಡಿದ್ರು. ಯಾರೋ ಹೇಳಿದ್ರಂತ, ಅಂಬಿಗ ಹಗ್ಗ ಬಿಚ್ಚೂ ಮೊದಲ ಮಗ್ಗಿ ಹೇಳಸ್ತಾನ ಅಂತ. ಅದಕ್ಕ ಕಾಯ್ಕೋತ ಕುಂತಿದ್ರು. ನಾ ಹಗ್ಗ ಬಿಚ್ಚಿದ್ನಿ."

ಬಸ್ಸು ಬಂತು. ಉದ್ದನೆಯ ಹುಟ್ಟುಗಳನ್ನು ಒಳಗೆ ಬಿಡುವುದಿಲ್ಲ, ಮೇಲೆ ಕಟ್ಟಿ ಎಂದ ಕಂಡಕ್ಟರ. ನಾನು ಏಣಿ ಹತ್ತಿದೆ. ಕಾಕಾ ಕೆಳಗಿನಿಂದ ಒಂದೊಂದಾಗಿ ಕೊಟ್ಟರು. ಹಗ್ಗ ಬಿಗಿದು ಇಳಿದ ಮೇಲೆ, ಅವರು ತಾವೇ ಮೇಲೆ ಹತ್ತಿ ನಾನು ಹಾಕಿದ ಹಗ್ಗದ ಗಂಟನ್ನು ಒಮ್ಮೆ ಎಳೆದು ನೋಡಿದರು. ಅದನ್ನು ಬಿಚ್ಚಿ, ಮೊದಲಿನಿಂದ ಕಟ್ಟಿದರು.